ಮರೆತ ನಿಕ್ಷೇಪ, ಬಿಟ್ಟುಕೊಟ್ಟ ಟ್ರಿಕ್ಕು: ಬ್ರಿಜ್ ಆಟದಲ್ಲಿ ಹಕ್ಕುಕೇಳಿಕೆಯ ನೀತಿ

ಹಕ್ಕನ್ನು ಕೇಳುವುದು, ಕೇಳಿದ ಹಕ್ಕನ್ನು ಒಪ್ಪುವುದು ಅಥವಾ ನಿರಾಕರಿಸುವುದು: ಮನುಷ್ಯರ ನಡುವಿನ ವ್ಯವಹಾರವು ಬಹುಮಟ್ಟಿಗೆ ಈ ಕ್ರಿಯೆಗಳಲ್ಲಿಯೇ ಅಡಗಿದೆ. ನರಗುಂದದ ಇತಿಹಾಸವನ್ನು ಬಲ್ಲವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1785ರಲ್ಲಿ ಟಿಪ್ಪು ಸುಲ್ತಾನನು ಹಿಂದಿನದಕ್ಕಿಂತ ಹೆಚ್ಚಿನ ಕಪ್ಪವನ್ನು ಕೇಳಿದನು. ನರಗುಂದದ ಅಧಿಪತಿ ಒಪ್ಪಲಿಲ್ಲ. ಕೋಟೆಗೆ ಮುತ್ತಿಗೆ ಬಿದ್ದಿತು. ಮುಂದೆ ಪುತ್ರಸಂತಾನವಿಲ್ಲದ ಭಾಸ್ಕರರಾವ್ ಭಾವೆ, ಎಂದರೆ ಜನರ ಬಾಯಲ್ಲಿ ಉಳಿದಿರುವ ಬಾಬಾಸಾಹೇಬ, ದತ್ತು ತೆಗೆದುಕೊಳ್ಳುವ ಹಕ್ಕನ್ನು ಬ್ರಿಟಿಷರ ಮುಂದೆ ಇಟ್ಟನು. ಅದು ನಿರಾಕೃತವಾಯಿತು. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಜೂನ್ ಮೊದಲ ವಾರದೊಳಗೆ ನರಗುಂದ ಬ್ರಿಟಿಷರ ವಶವಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರಿಂದ ಸರಕಾರವು ಅಭಿವೃದ್ಧಿ ಕರವನ್ನು ಕೇಳಿತು. ಇನ್ನೂ ಕೈಗೆ ಬಾರದ ಲಾಭಕ್ಕೆ ಕರವೇ ಎಂದು ರೈತರು ಪ್ರತಿಭಟಿಸಿದರು. ಜುಲೈ 21ರಂದು ಗೋಲಿಬಾರ್ ನಡೆದು ಜೀವಗಳು ಹೋದವು.

ಈ ಮೂರು ಪ್ರಸಂಗಗಳ ಕಾಲ ಬೇರೆ, ಪಾತ್ರಗಳು ಬೇರೆ, ನ್ಯಾಯಾನ್ಯಾಯಗಳ ತೂಕವೂ ಬೇರೆ. ಆದರೆ ಒಂದು ಅಂಶ ಸಮಾನವಾಗಿದೆ. ಹಕ್ಕಿನ ನಿರ್ಣಯವನ್ನು ಮಾಡುವ ಅಧಿಕಾರವು ಆ ನಿರ್ಣಯದಿಂದ ಲಾಭ ಪಡೆಯುವವನ ಕೈಯಲ್ಲಿಯೇ ಇದ್ದಿತು. ಬಾಬಾಸಾಹೇಬನ ದತ್ತಕದ ಕೋರಿಕೆಯನ್ನು ನಿರಾಕರಿಸಿದವರೇ ಆ ನಿರಾಕರಣೆಯಿಂದ ಸಂಸ್ಥಾನವನ್ನು ಪಡೆಯಬಹುದಾದವರಾಗಿದ್ದರು. ಎರಡೂ ಪಕ್ಷಗಳಿಗಿಂತ ಮೇಲಿನ ನಿಯಮವೊಂದು ಇಲ್ಲದಿದ್ದಾಗ, ಅಥವಾ ಇದ್ದೂ ಅದನ್ನು ಮನ್ನಿಸುವ ಮನಸ್ಸು ಇಲ್ಲದಿದ್ದಾಗ, ಹಿಂಸೆಯೇ ಕೊನೆಯ ಭಾಷೆಯಾಗುತ್ತದೆ.

ರಾಜ್ಯಗಳ ಈ ದೊಡ್ಡ ವ್ಯಾಜ್ಯಗಳಿಂದ ಇಸ್ಪೀಟಿನ ಎಲೆಗಳ ಕಡೆಗೆ ಹೊರಳುವುದು ಕೆಲವರಿಗೆ ಲಘುವೆನಿಸಬಹುದು. ಆದರೆ ಹಕ್ಕು ಕೇಳುವ ಮತ್ತು ಬಿಟ್ಟುಕೊಡುವ ಕ್ರಿಯೆಯನ್ನು ಸುಮಾರು ನೂರು ವರ್ಷಗಳಿಂದ ಅತ್ಯಂತ ಸೂಕ್ಷ್ಮವಾಗಿ ಆಲೋಚಿಸಿ ನಿಯಮಬದ್ಧಗೊಳಿಸಿರುವ ಕ್ಷೇತ್ರಗಳಲ್ಲಿ ಬ್ರಿಜ್ ಆಟವೂ ಒಂದು. ಆ ನಿಯಮಗಳು ನಮ್ಮ ಆಚಾರ್ಯರು ಹೇಳಿದ ಒಂದು ಮಾತಿನ ಬಳಿಗೇ ಬಂದು ನಿಲ್ಲುವುದು ವಿಚಾರಯೋಗ್ಯವಾದ ಸಂಗತಿಯಾಗಿದೆ.

ಎಲೆಗಳ ಇತಿಹಾಸ

ಎಲೆಯಾಟವು ಭಾರತಕ್ಕೆ ಪಾಶ್ಚಾತ್ಯರೊಡನೆಯೇ ಮೊದಲು ಬಂದುದಲ್ಲ. 1527ರಲ್ಲಿ ಬಾಬರನು ಸಿಂಧಿನ ಶಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಉಲ್ಲೇಖವು ಅವನ ಆತ್ಮಕಥೆಯಲ್ಲಿಯೇ ಇದೆ. ಮೊಗಲ್ ಪದ್ಧತಿಯಲ್ಲಿ 96 ಎಲೆಗಳು. ದಶಾವತಾರ ಪದ್ಧತಿಯಲ್ಲಿ 120. ಕರ್ನಾಟಕದಲ್ಲಿ ಈ ಕಲೆಗೆ ಹೊಸ ರೂಪವನ್ನು ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿಯಲ್ಲಿ ಅನೇಕ ಬಗೆಯ ಎಲೆಯಾಟಗಳ ವರ್ಣನೆಯಿದೆ. ನಾಲ್ಕು ರಂಗುಗಳ 52 ಎಲೆಗಳ ಇಸ್ಪೀಟು ಪಾಶ್ಚಾತ್ಯರ ಸಂಪರ್ಕದಿಂದ ಬಂದು, ಗಂಜೀಫಾವನ್ನು ಹಿಂದಕ್ಕೆ ತಳ್ಳಿ, ಕಟ್ಟೆಗೂ ಕ್ಲಬ್ಬಿಗೂ ವ್ಯಾಪಿಸಿತು.

ಬ್ರಿಜ್ ಆಟದ ಮೂಲ ಇಂಗ್ಲೆಂಡಿನ ವಿಸ್ಟ್ ಆಟದಲ್ಲಿದೆ. ವಿಸ್ಟ್ ಕುರಿತು ಎಡ್ಮಂಡ್ ಹಾಯ್ಲ್ ಬರೆದ ಪುಸ್ತಕವು 1742ರಲ್ಲಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಜ್, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸವಾಲಿನ ಪದ್ಧತಿಯ ಆಕ್ಷನ್ ಬ್ರಿಜ್, ಅನಂತರ 1925ರಲ್ಲಿ ಅಮೆರಿಕದ ಹ್ಯಾರಲ್ಡ್ ವಾಂಡರ್‌ಬಿಲ್ಟ್ ರೂಪಿಸಿದ ಕಾಂಟ್ರಾಕ್ಟ್ ಬ್ರಿಜ್: ಹೀಗೆ ಆಟವು ಬೆಳೆಯಿತು. 1958ರಲ್ಲಿ ವಿಶ್ವ ಬ್ರಿಜ್ ಒಕ್ಕೂಟ ಸ್ಥಾಪಿತವಾಯಿತು. 2018ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಪ್ರಣವ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಪುರುಷರ ಜೋಡಿ ವಿಭಾಗದಲ್ಲಿ ಭಾರತಕ್ಕೆ ಚಿನ್ನದ ಪದಕವನ್ನು ತಂದುಕೊಟ್ಟರು.

ದ್ಯೂತವೇ, ಆಟವೇ?

ಸಪ್ತವ್ಯಸನಗಳಲ್ಲಿ ಮೊದಲು ಹೇಳಲ್ಪಡುವುದು ದ್ಯೂತ. ಪಂಪನು 941ರಲ್ಲಿ ರಚಿಸಿದ ವಿಕ್ರಮಾರ್ಜುನವಿಜಯದ ದ್ಯೂತಪ್ರಸಂಗವನ್ನು ಓದಿದವರಿಗೆ, ಪಣವು ಮನುಷ್ಯನ ವಿವೇಕವನ್ನು ಹೇಗೆ ನುಂಗುತ್ತದೆ ಎಂಬುದು ಗೊತ್ತು. ಆದುದರಿಂದ ಶ್ರಾವಕರ ಮನೆಯಲ್ಲಿ ಎಲೆಯಾಟವೆಂದೊಡನೆ ಹಿರಿಯರು ಹುಬ್ಬುಗಂಟಿಕ್ಕುವುದು ಸಹಜವೇ ಆಗಿದೆ.

ಇಲ್ಲಿ ವಿವೇಚನೆ ಅಗತ್ಯ. ವ್ಯಸನದ ಬೀಜವಿರುವುದು ಎಲೆಯಲ್ಲಲ್ಲ, ಪಣದಲ್ಲಿ. ಸ್ಪರ್ಧೆಗಳಲ್ಲಿ ಆಡುವ ಡೂಪ್ಲಿಕೇಟ್ ಬ್ರಿಜ್ ಪದ್ಧತಿಯಲ್ಲಿ ಒಂದೇ ಹಂಚಿಕೆಯ ಎಲೆಗಳನ್ನು ಬೇರೆ ಬೇರೆ ಮೇಜುಗಳಲ್ಲಿ ಬೇರೆ ಬೇರೆ ಜೋಡಿಗಳು ಆಡುತ್ತವೆ. ಒಳ್ಳೆಯ ಎಲೆ ಬಂದವನು ಗೆಲ್ಲುವುದಿಲ್ಲ, ಬಂದ ಎಲೆಯನ್ನು ಇತರರಿಗಿಂತ ಚೆನ್ನಾಗಿ ಆಡಿದವನು ಗೆಲ್ಲುತ್ತಾನೆ. 1957ರ ಚಮರ್‌ಬಾಗ್‌ವಾಲಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟು ಜೂಜನ್ನೂ ಕೌಶಲದ ಸ್ಪರ್ಧೆಯನ್ನೂ ಬೇರ್ಪಡಿಸಿತು. 1968ರಲ್ಲಿ ರಮ್ಮಿಯ ಬಗೆಗಿನ ತೀರ್ಪಿನಲ್ಲಿ, ಅದರಲ್ಲಿರುವ ಅದೃಷ್ಟದ ಅಂಶವು ಬ್ರಿಜ್ ಆಟದ ಹಂಚಿಕೆಯಲ್ಲಿರುವಂಥದೇ ಎಂದು ಅದೇ ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಅಂತರ್ಜಾಲದ ಕಾಲದಲ್ಲಿ ಈ ಚರ್ಚೆ ಮತ್ತೆ ಎದ್ದಿತು. ಕರ್ನಾಟಕ ಸರಕಾರದ 2021ರ ಪೊಲೀಸ್ ತಿದ್ದುಪಡಿ ಕಾಯ್ದೆಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ರಾಜ್ಯದ ಹೈಕೋರ್ಟು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಅಂತರ್ಜಾಲ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ಕಾನೂನು ಏನೇ ಹೇಳಲಿ, ಪಣವಿರುವಲ್ಲಿ ಶ್ರಾವಕನಿಗೆ ಸ್ಥಾನವಿಲ್ಲ. ಮುಂದಿನ ವಿಚಾರವೆಲ್ಲವೂ ಪಣವಿಲ್ಲದ ಆಟಕ್ಕೆ ಮಾತ್ರ ಅನ್ವಯಿಸುತ್ತದೆ.

ಹಕ್ಕುಕೇಳಿಕೆ ಎಂದರೇನು?

ಆಟವನ್ನು ಅರಿಯದವರಿಗಾಗಿ ಎರಡು ಮಾತು. ನಾಲ್ವರು ಎರಡು ಜೋಡಿಗಳಾಗಿ ಕುಳಿತಿರುತ್ತಾರೆ. ಒಬ್ಬೊಬ್ಬನಿಗೆ 13 ಎಲೆ. ಪ್ರತಿಯೊಂದು ಸುತ್ತಿನಲ್ಲಿ ನಾಲ್ವರೂ ಒಂದೊಂದು ಎಲೆಯನ್ನು ಹಾಕುತ್ತಾರೆ. ಮೇಲಿನ ಎಲೆಯವರಿಗೆ ಆ ಸುತ್ತು ಸೇರುತ್ತದೆ. ಇದೇ ಒಂದು ಟ್ರಿಕ್ಕು. ಸವಾಲಿನಲ್ಲಿ ಗೆದ್ದ ಜೋಡಿ ತಾನು ಇಷ್ಟು ಟ್ರಿಕ್ಕುಗಳನ್ನು ಮಾಡುವೆನೆಂದು ಮೊದಲೇ ಮಾತು ಕೊಟ್ಟಿರುತ್ತದೆ. ಆ ಜೋಡಿಯಲ್ಲಿ ಒಬ್ಬನ ಎಲೆಗಳು ಮೇಜಿನ ಮೇಲೆ ತೆರೆದಿರುತ್ತವೆ. ಇನ್ನೊಬ್ಬನು ಎರಡೂ ಕೈಗಳನ್ನು ಆಡಿಸುತ್ತಾನೆ.

ಅನೇಕ ವೇಳೆ ಕೊನೆಯ ನಾಲ್ಕೈದು ಸುತ್ತುಗಳ ಫಲಿತಾಂಶವು ಆಡುವ ಮೊದಲೇ ಸ್ಪಷ್ಟವಾಗಿರುತ್ತದೆ. ಆಗ ಆಟಗಾರನು ಎಲೆಗಳನ್ನು ತೆರೆದಿಟ್ಟು, ಉಳಿದ ಟ್ರಿಕ್ಕುಗಳಲ್ಲಿ ಇಷ್ಟು ತನ್ನವು ಎಂದು ಹೇಳಬಹುದು. ಇದು ಹಕ್ಕುಕೇಳಿಕೆ. ಉಳಿದವು ನಿಮ್ಮವು ಎಂದು ಹೇಳಿದರೆ ಅದು ಬಿಟ್ಟುಕೊಡುವಿಕೆ. ಇದರ ಉದ್ದೇಶ ಕಾಲವನ್ನು ಉಳಿಸುವುದು. ಎಲ್ಲವೂ ತನ್ನದೇ ಎಂದು ತಿಳಿದಿದ್ದರೂ ಎದುರಾಳಿಯನ್ನು ಕಂಗೆಡಿಸುವುದಕ್ಕಾಗಿ ಒಂದೊಂದೇ ಎಲೆಯನ್ನು ಹಾಕುತ್ತ ಕುಳಿತುಕೊಳ್ಳುವುದನ್ನು ನಿಯಮಾವಳಿಯು ಅಸೌಜನ್ಯವೆಂದು ಗಣಿಸುತ್ತದೆ. ಎಂದರೆ ಹಕ್ಕನ್ನು ಕೇಳದಿರುವುದೂ ಕೆಲವೊಮ್ಮೆ ದೋಷವೇ.

ಹಕ್ಕು ಕೇಳುವವನು ತಾನು ಹೇಗೆ ಆಡುವೆನೆಂಬ ಕ್ರಮವನ್ನು ಒಡನೆಯೇ ಹೇಳಬೇಕು. ಎದುರಾಳಿ ಒಪ್ಪದಿದ್ದರೆ ನಿರ್ಣಾಯಕನನ್ನು ಕರೆಯಬೇಕು. ನಿರ್ಣಾಯಕನು ಎರಡೂ ಪಕ್ಷಗಳಿಗೆ ಸಾಧ್ಯವಾದಷ್ಟು ಸಮನಾದ ನ್ಯಾಯವನ್ನು ಕೊಡಬೇಕು. ಆದರೆ ಸಂದೇಹವುಳಿದಲ್ಲಿ ಹಕ್ಕು ಕೇಳಿದವನ ವಿರುದ್ಧವಾಗಿಯೇ ತೀರ್ಮಾನಿಸಬೇಕು. ತನ್ನ ಹೇಳಿಕೆಯಲ್ಲಿ ಇಲ್ಲದ ಹೊಸ ಉಪಾಯವನ್ನು, ಆಕ್ಷೇಪ ಬಂದ ಮೇಲೆ, ಅವನು ಸೇರಿಸುವಂತಿಲ್ಲ.

ಒಂದು ಉದಾಹರಣೆ. ಇಸ್ಪೀಟು ತುರುಫು. ನಾಲ್ಕು ಸುತ್ತುಗಳು ಉಳಿದಿವೆ. ಆಡಿಸುವವನ ಕೈಯಲ್ಲಿ ಇಸ್ಪೀಟಿನ ರಾಜ, ಆಟೀನಿನ ಎಕ್ಕ, ರಾಜ, ರಾಣಿ. ಮೊದಲ ಎಲೆ ಹಾಕುವ ಸರದಿಯೂ ಅವನದೇ. "ನಾಲ್ಕೂ ನನ್ನವು" ಎಂದಷ್ಟೇ ಹೇಳಿ ಎಲೆಗಳನ್ನು ತೆರೆದಿಡುತ್ತಾನೆ. ಆದರೆ ಎದುರಾಳಿಯ ಕೈಯಲ್ಲಿ ಇಸ್ಪೀಟಿನ ಐದು ಉಳಿದಿದೆ, ಆಟೀನು ಒಂದೂ ಇಲ್ಲ. ಮೊದಲು ಇಸ್ಪೀಟಿನ ರಾಜನನ್ನು ಹಾಕಿದರೆ ಆ ಐದು ಬಿದ್ದುಹೋಗಿ ನಾಲ್ಕೂ ಅವನವೇ. ಮೊದಲು ಆಟೀನನ್ನು ಹಾಕಿದರೆ ಐದು ಅದನ್ನು ಹೊಡೆಯುತ್ತದೆ, ಮೂರೇ ಅವನವು. ಅವನು ಆ ತುರುಫಿನ ಪ್ರಸ್ತಾಪವನ್ನೇ ಮಾಡಲಿಲ್ಲ, ಬಹುಶಃ ಮರೆತಿದ್ದಾನೆ. ನಿಯಮವು ಇಲ್ಲಿ ಸ್ಪಷ್ಟವಾಗಿದೆ: ಉಳಿದ ತುರುಫಿನ ಅರಿವು ಅವನಿಗೆ ಇಲ್ಲದಿದ್ದ ಸಂಭವವಿದ್ದು, ಸಾಮಾನ್ಯ ಆಟದಲ್ಲಿ ಅದಕ್ಕೆ ಒಂದು ಟ್ರಿಕ್ಕು ಹೋಗಬಹುದಾಗಿದ್ದರೆ, ಆ ಟ್ರಿಕ್ಕು ಎದುರಾಳಿಗೆ ಸಲ್ಲುತ್ತದೆ.

ಬಿಟ್ಟುಕೊಡುವಿಕೆಯ ನಿಯಮವು ಇನ್ನೂ ಗಮನಾರ್ಹ. ಎರಡು ಸುತ್ತುಗಳು ಉಳಿದಾಗ ಎದುರಾಳಿಯೊಬ್ಬನು ಬೇಸರದಿಂದ "ಎರಡೂ ನಿಮ್ಮವು" ಎನ್ನುತ್ತಾನೆ. ಅವನ ಕೈಯಲ್ಲಿ ತುರುಫಿನ ರಾಣಿಯಿದೆ. ಎಕ್ಕ, ರಾಜ ಎರಡೂ ಆಗಲೇ ಹೋಗಿವೆ. ಹೇಗೆ ಆಡಿದರೂ ಆ ರಾಣಿಗೆ ಒಂದು ಟ್ರಿಕ್ಕು ಬಂದೇ ಬರುತ್ತದೆ. ಅವನು ಮರೆತಿದ್ದಾನೆ, ಆಡಿಸುವವನು ಎಣಿಸಿಟ್ಟುಕೊಂಡಿದ್ದಾನೆ. ಹೀಗೆ ಕಳೆದುಕೊಳ್ಳಲು ಸಾಧ್ಯವೇ ಇಲ್ಲದ ಟ್ರಿಕ್ಕನ್ನು ಬಿಟ್ಟುಕೊಟ್ಟಿದ್ದರೆ, ತಿದ್ದುಪಡಿಯ ಅವಧಿಯೊಳಗೆ ನಿರ್ಣಾಯಕನು ಅದನ್ನು ರದ್ದುಗೊಳಿಸಬೇಕು. ಬೇರೆ ಗೊತ್ತುಪಡಿಸದಿದ್ದರೆ, ಫಲಿತಾಂಶ ಪರಿಶೀಲನೆಗೆ ದೊರೆತ ಮೇಲೆ 30 ನಿಮಿಷಗಳು ಆ ಅವಧಿ. ಅಷ್ಟೇ ಅಲ್ಲ, ತನ್ನ ಪಕ್ಷವು ಗೆಲ್ಲದ ಟ್ರಿಕ್ಕಿನ ಅಂಕವನ್ನಾಗಲಿ, ಎದುರಾಳಿ ಕಳೆದುಕೊಳ್ಳಲಾಗದ ಟ್ರಿಕ್ಕಿನ ಬಿಟ್ಟುಕೊಡುವಿಕೆಯನ್ನಾಗಲಿ ಆಟಗಾರನು ತಿಳಿದೂ ತಿಳಿದೂ ಸ್ವೀಕರಿಸಕೂಡದು ಎಂದು 79ನೆಯ ನಿಯಮವು ವಿಧಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅದೇ ನಿಯಮಾವಳಿಯು, ತನ್ನ ಪಕ್ಷದ ನಿಯಮಭಂಗವನ್ನು ತಾನಾಗಿಯೇ ಎತ್ತಿ ತೋರಿಸುವ ಹೊಣೆಯನ್ನು ಸಾಮಾನ್ಯವಾಗಿ ಆಟಗಾರನ ಮೇಲೆ ಹೊರಿಸುವುದಿಲ್ಲ; ಮುಚ್ಚಿಡುವ ಪ್ರಯತ್ನವನ್ನು ಮಾತ್ರ ನಿಷೇಧಿಸುತ್ತದೆ. ಆದರೆ ತನ್ನದಲ್ಲದ ಟ್ರಿಕ್ಕಿನ ವಿಷಯಕ್ಕೆ ಬಂದಾಗ ಮೌನವನ್ನೂ ಅದು ಒಪ್ಪುವುದಿಲ್ಲ.

ನ್ಯಾಸಾಪಹಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ನ್ಯಾಸವೆಂದರೆ ನಂಬಿ ಇಟ್ಟ ನಿಕ್ಷೇಪ. ಕನ್ನಡ ನಾಡಿನ ಜೈನ ಪರಂಪರೆ ಗೌರವದಿಂದ ಸ್ಮರಿಸುವ ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದನ್ನು ವಿವರಿಸುವ ರೀತಿ ಅಪೂರ್ವವಾದುದು. ಒಬ್ಬನು ಮತ್ತೊಬ್ಬನ ಬಳಿ ಹೊನ್ನನ್ನು ಇಟ್ಟಿದ್ದಾನೆ. ಎಷ್ಟೆಂಬ ಲೆಕ್ಕ ಮರೆತುಹೋಗಿದೆ. ಹಿಂದಕ್ಕೆ ಪಡೆಯುವಾಗ ಇಟ್ಟುದಕ್ಕಿಂತ ಕಡಿಮೆಯನ್ನು ಕೇಳುತ್ತಾನೆ. ಆಗ ಇಟ್ಟುಕೊಂಡವನು ಹಾಗೆಯೇ ಆಗಲಿ ಎಂದು ಒಪ್ಪಿಬಿಡುತ್ತಾನೆ. ಇದೇ ನ್ಯಾಸಾಪಹಾರ.

ಇಲ್ಲಿ ಕನ್ನ ಹಾಕಿದವರು ಯಾರೂ ಇಲ್ಲ. ಸುಳ್ಳು ಹೇಳಿದವರೂ ಇಲ್ಲ. ಕಡಿಮೆ ಕೇಳಿದವನು ನಿಕ್ಷೇಪದ ಒಡೆಯನೇ. ಇಟ್ಟುಕೊಂಡವನು ಮಾಡಿದ್ದೆಲ್ಲ ಒಪ್ಪಿಗೆ ಕೊಟ್ಟಿದ್ದು ಮಾತ್ರ. ಆದರೂ ಆಚಾರ್ಯರು ಅದನ್ನು ಸತ್ಯವ್ರತದ ದೋಷದಲ್ಲಿ ಸೇರಿಸುತ್ತಾರೆ. ಏಕೆಂದರೆ ಆ ಒಪ್ಪಿಗೆಯೇ ಒಂದು ಮಾತು. ಇನ್ನೊಬ್ಬನ ಮರೆವಿಗೆ ಹಾಕಿದ ಸುಳ್ಳು ಸಹಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ಹೇಳುವಾಗ, ಪರರು ಇಟ್ಟ ಮತ್ತು ಬೀಳಿಸಿದ ವಸ್ತುವಿನ ಜತೆಗೆ ಮರೆತ ವಸ್ತುವನ್ನೂ ಹೆಸರಿಸಿರುವುದನ್ನು ಇದರೊಡನೆ ನೆನೆಯಬೇಕು.

ತುರುಫಿನ ರಾಣಿಯನ್ನು ಮರೆತು ಎರಡೂ ಟ್ರಿಕ್ಕುಗಳನ್ನು ಬಿಟ್ಟುಕೊಟ್ಟ ಆಟಗಾರನಿಗೂ ಹೊನ್ನಿನ ಲೆಕ್ಕವನ್ನು ಮರೆತ ಒಡೆಯನಿಗೂ ಏನು ವ್ಯತ್ಯಾಸ? ಹೊನ್ನಿಗೆ ಬೆಲೆಯಿದೆ, ಟ್ರಿಕ್ಕಿಗೆ ಇಲ್ಲ ಎನ್ನಬಹುದು. ಆದರೆ ಅತಿಚಾರದ ತೂಕವನ್ನು ವಸ್ತುವಿನ ಬೆಲೆಯಿಂದ ಮಾತ್ರ ಅಳೆಯಲಾಗದು. ಮನಸ್ಸಿನ ಪರಿಣಾಮದಿಂದಲೂ ಅಳೆಯಬೇಕು. ಬೆಲೆಯಿಲ್ಲದ ವಸ್ತುವಿನಲ್ಲಿಯೂ ಮರೆವಿನ ಲಾಭವನ್ನು ಬಿಡಲಾರದ ಮನಸ್ಸು, ಬೆಲೆಯುಳ್ಳ ವಸ್ತು ಬಂದಾಗ ಹೇಗೆ ಬಿಟ್ಟೀತು? ಹದಿನೈದು ಶತಮಾನಗಳಷ್ಟು ಹಿಂದಿನ ವ್ಯಾಖ್ಯಾನವೂ ಇಪ್ಪತ್ತನೆಯ ಶತಮಾನದ ಆಟದ ನಿಯಮವೂ, ಒಂದನ್ನೊಂದು ಅರಿಯದೆ, ಒಂದೇ ತೀರ್ಮಾನಕ್ಕೆ ಬಂದಿರುವುದು ಆಕಸ್ಮಿಕವೆನ್ನಲಾಗದು.

ಯಂತ್ರದ ಮುಂದಿನ ಮೇಜು

ಬ್ರಿಜ್ ಅಂತರ್ಜಾಲಕ್ಕೆ ಏರಿದುದು 1990ರ ದಶಕದಲ್ಲಿ. ಓಕೆ ಬ್ರಿಜ್ ಮೊದಲಿಗರಲ್ಲಿ ಒಂದು. 2001ರಿಂದ ಬ್ರಿಜ್ ಬೇಸ್ ಆನ್‌ಲೈನ್ ಜಗತ್ತಿನ ಮೂಲೆಮೂಲೆಯ ಆಟಗಾರರನ್ನು ಒಂದೇ ಮೇಜಿಗೆ ತಂದಿತು. 2020ರ ಕೊರೊನಾ ದಿಗ್ಬಂಧನದಲ್ಲಿ ಕ್ಲಬ್ಬುಗಳು ಮುಚ್ಚಿದಾಗ ಸಹಸ್ರಾರು ಜನರು ಅಲ್ಲಿಗೆ ಹೋದರು. ಅದೇ ಕಾಲದಲ್ಲಿ ವಂಚನೆಯ ಆರೋಪಗಳೂ ಹಲವು ದೇಶಗಳಲ್ಲಿ ಕೇಳಿಬಂದವು.

ಯಂತ್ರವು ಕೆಲವು ದೋಷಗಳನ್ನು ಸಂಪೂರ್ಣವಾಗಿ ನಿವಾರಿಸಿದೆ. ಸರದಿ ತಪ್ಪಿ ಎಲೆ ಹಾಕಲಾಗದು; ಕೈಯಲ್ಲಿರುವ ರಂಗನ್ನು ಬಚ್ಚಿಟ್ಟು ಬೇರೆಯದನ್ನು ಹಾಕಲಾಗದು. ಆದರೆ ಹಕ್ಕುಕೇಳಿಕೆಯ ವಿಷಯದಲ್ಲಿ ಅದು ಹೊಸ ತೊಡಕನ್ನು ತಂದಿತು. ಸಾಮಾನ್ಯವಾಗಿ ಅಲ್ಲಿಯ ಕ್ರಮ ಹೀಗೆ: ಆಡಿಸುವವನು ಇಷ್ಟು ಟ್ರಿಕ್ಕು ತನ್ನವು ಎಂದು ಗುಂಡಿ ಒತ್ತುತ್ತಾನೆ, ಅವನ ಎಲೆಗಳು ಎದುರಾಳಿಗಳಿಗೆ ಕಾಣುತ್ತವೆ, ಅವರು ಒಪ್ಪಿದರೆ ಆಟ ಮುಗಿಯಿತು, ಒಪ್ಪದಿದ್ದರೆ ಮುಂದುವರಿಯಿತು. ನಿರ್ಣಾಯಕನಿಗೆ ಕೆಲಸವೇ ಇಲ್ಲ. 2017ರ ನಿಯಮಾವಳಿಯು ಎದುರುಬದುರು ಆಡುವ ಮೇಜಿನಲ್ಲಿಯೂ, ಹಕ್ಕು ಕೇಳದ ಪಕ್ಷವು ಕೋರಿ ನಾಲ್ವರೂ ಒಪ್ಪಿದರೆ, ಆಟ ಮುಂದುವರಿಯಬಹುದೆಂದು ಅವಕಾಶವಿತ್ತಿತು. ಆದರೆ ಅಲ್ಲಿ ನಾಲ್ವರ ಒಪ್ಪಿಗೆ ಬೇಕು. ಇಲ್ಲಿ ಒಬ್ಬನ ಬೆರಳು ಸಾಕು.

ಇದರಿಂದಾಗುವ ಪರಿಣಾಮವನ್ನು ಹಿಂದಿನ ಉದಾಹರಣೆಯಲ್ಲಿಯೇ ನೋಡಬಹುದು. ಇಸ್ಪೀಟಿನ ಐದನ್ನು ಮರೆತು ನಾಲ್ಕೂ ಟ್ರಿಕ್ಕು ಕೇಳಿದವನಿಗೆ ಎದುರಾಳಿಯ ನಿರಾಕರಣೆ ಬರುತ್ತದೆ. ಆ ನಿರಾಕರಣೆಯೇ ಅವನನ್ನು ಎಚ್ಚರಿಸುತ್ತದೆ: ಏನೋ ಉಳಿದಿದೆ, ಬಹುಶಃ ತುರುಫೇ! ಈಗ ಅವನು ಮೊದಲು ಇಸ್ಪೀಟಿನ ರಾಜನನ್ನು ಹಾಕಿ ನಾಲ್ಕನ್ನೂ ಪಡೆಯುತ್ತಾನೆ. ನಿರ್ಣಾಯಕನಿದ್ದಲ್ಲಿ ಅವನಿಂದ ಹೋಗುತ್ತಿದ್ದ ಟ್ರಿಕ್ಕು, ನಿರ್ಣಾಯಕನಿಲ್ಲದಲ್ಲಿ ಉಳಿಯಿತು. ನ್ಯಾಯವಾದ ಆಕ್ಷೇಪವನ್ನು ಎತ್ತಿದವನೇ ತನ್ನ ಟ್ರಿಕ್ಕನ್ನು ಕಳೆದುಕೊಂಡನು.

ಎದುರಾಳಿಗೂ ಪ್ರಲೋಭನೆಯಿದೆ. ಹಕ್ಕು ಸರಿಯಾಗಿದ್ದರೂ ನಿರಾಕರಿಸಿ, ಆಡಿಸುವವನು ಅವಸರದಲ್ಲಿ ಎಡವಿಯಾನೆಂದು ಕಾಯಬಹುದು. ಅವನ ಕೈಯೆಲ್ಲ ಕಂಡಿರುವುದರಿಂದ ನಷ್ಟವೇನೂ ಇಲ್ಲ. ಇನ್ನು ಕೆಲವರು ತಮಗೆ ಸಲ್ಲುವುದಕ್ಕಿಂತ ಒಂದು ಹೆಚ್ಚಾಗಿ ಕೇಳಿ, ಎದುರಾಳಿ ನೋಡದೆ ಒಪ್ಪಿಯಾನೆಂದು ಆಶಿಸುತ್ತಾರೆ. ಮೂರನೆಯದು ಎಲ್ಲಕ್ಕಿಂತ ಮೌನವಾದುದು: ತಪ್ಪಾಗಿ ಬಿಟ್ಟುಕೊಟ್ಟಿದ್ದನ್ನು ಒಂದು ಗುಂಡಿಯೊತ್ತಿ ಒಪ್ಪಿಕೊಳ್ಳುವುದು. ನರಗುಂದದ ವ್ಯಾಜ್ಯದಲ್ಲಿದ್ದ ಸಮಸ್ಯೆಯೇ ಇಲ್ಲಿ ಮತ್ತೆ ತಲೆದೋರಿದೆ. ಲಾಭ ಪಡೆಯುವವನೇ ನ್ಯಾಯಾಧೀಶ. ವ್ಯತ್ಯಾಸವೆಂದರೆ, ಇಲ್ಲಿ ಅವನನ್ನು ನೋಡುವವರು ಯಾರೂ ಇಲ್ಲ. ಎದುರು ಕುಳಿತವನ ಮುಖವೂ ಕಾಣದು.

ಇಂಥಲ್ಲಿ ನಿಷ್ಠಾವಂತ ಆಟಗಾರನ ಕರ್ತವ್ಯವನ್ನು ಗುರುತಿಸುವುದು ಕಷ್ಟವಲ್ಲ. ಹಕ್ಕು ಕೇಳುವ ಮುನ್ನ ಉಳಿದ ಎಲೆಗಳನ್ನು ಎಣಿಸಬೇಕು. ತುರುಫನ್ನು ಎಳೆದು ಅನಂತರ ಆಟೀನು ಎಂಬಂತೆ ಕ್ರಮವನ್ನು ಸ್ಪಷ್ಟವಾಗಿ ಬರೆಯಬೇಕು. ಕೇಳಿಕೆ ತಿರಸ್ಕೃತವಾದಾಗ, ಬರೆದ ಕ್ರಮದಂತೆಯೇ ಆಡಬೇಕು. ಮರೆತಿದ್ದು ತಿರಸ್ಕಾರದಿಂದ ನೆನಪಾಗಿದ್ದರೆ, ಆ ನೆನಪು ತನ್ನದಲ್ಲವೆಂದು ತಿಳಿದು ಟ್ರಿಕ್ಕನ್ನು ಬಿಟ್ಟುಕೊಡಬೇಕು. ಎದುರಾಳಿಯ ಸರಿಯಾದ ಹಕ್ಕನ್ನು ವಿಳಂಬವಿಲ್ಲದೆ ಒಪ್ಪಬೇಕು. ತಪ್ಪಾದುದನ್ನು ಕಾರಣಸಹಿತ ನಿರಾಕರಿಸಬೇಕು. ಅವನು ಮರೆತು ಬಿಟ್ಟುಕೊಟ್ಟಿದ್ದನ್ನು ತಾನು ನಿರಾಕರಿಸಿ, ರಾಣಿ ನಿಮ್ಮಲ್ಲಿದೆ ಎಂದು ತಿಳಿಸಬೇಕು. ಪಂದ್ಯದಲ್ಲಿ ನಿರ್ಣಾಯಕನಿದ್ದರೆ ಆತನಿಗೆ ತಿಳಿಸುವುದು ಇನ್ನೂ ಉತ್ತಮ.

ಲೆಕ್ಕದ ಪುಸ್ತಕ

ಈ ವಿಚಾರವು ಆಟದ ಮೇಜಿಗಷ್ಟೇ ಸೀಮಿತವಲ್ಲ. ಬಸದಿಯ ಅಭಿಷೇಕದ ಸವಾಲಿನಲ್ಲಿ ಮಾತು ಕೊಟ್ಟ ಭಕ್ತನು ಹಣವನ್ನು ಒಮ್ಮೆ ಸಲ್ಲಿಸಿದ್ದನ್ನು ಮರೆತು ಮತ್ತೊಮ್ಮೆ ಸಲ್ಲಿಸಬಹುದು. ದೂರದ ಊರಿಗೆ ಹೋಗಿ ನೆಲೆಸಿದ ಕುಟುಂಬವು ಶಾಶ್ವತ ಪೂಜೆಗಾಗಿ ಇಟ್ಟ ನಿಧಿಯ ವಿವರವನ್ನು ಮೂರನೆಯ ತಲೆಮಾರು ಅರಿಯದಿರಬಹುದು. ಕೇಳುವವರಿಲ್ಲ ಎಂಬುದು ಇಟ್ಟುಕೊಳ್ಳಲು ಕಾರಣವಾಗದು. ವಿಶ್ವಸ್ತ ಮಂಡಳಿಯ ಲೆಕ್ಕಿಗನು ಹಳೆಯ ಪುಸ್ತಕವನ್ನು ತೆರೆದು, ನಿಮ್ಮದು ಇಷ್ಟು ಉಳಿದಿದೆ ಎಂದು ತಾನಾಗಿ ಪತ್ರ ಬರೆದಾಗಲೇ ಆ ಸಂಸ್ಥೆಗೆ ವಿಶ್ವಸ್ತ ಎಂಬ ಹೆಸರು ಸಾರ್ಥಕವಾಗುತ್ತದೆ.

ಹಕ್ಕನ್ನು ಸ್ಪಷ್ಟವಾಗಿ ಕೇಳುವುದಕ್ಕೆ ಧೈರ್ಯ ಬೇಕು. ಕೇಳಿದ ಹಕ್ಕು ನ್ಯಾಯವಾಗಿದ್ದಾಗ ಒಪ್ಪುವುದಕ್ಕೆ ಔದಾರ್ಯ ಬೇಕು. ಇನ್ನೊಬ್ಬನು ಕೇಳಲು ಮರೆತುದನ್ನು ನೆನಪಿಸಿ ಹಿಂದಿರುಗಿಸುವುದಕ್ಕೆ ಇವೆರಡೂ ಸಾಲವು; ಅದಕ್ಕೆ ವ್ರತ ಬೇಕು. ಮನೆಯ ಮಕ್ಕಳು ಇಂದು ಗಣಕಯಂತ್ರದ ಮುಂದೆಯೋ ಕೈಯ ಫೋನಿನಲ್ಲಿಯೋ ಒಂದು ಆಟವನ್ನು ಆಡುತ್ತಿದ್ದರೆ, ಎಷ್ಟು ಗೆದ್ದೆ ಎಂದು ಕೇಳುವ ಜತೆಗೆ, ನಿನ್ನದಲ್ಲದ್ದು ಬಂದಾಗ ಏನು ಮಾಡಿದೆ ಎಂದೂ ಹಿರಿಯರು ಕೇಳುವುದು ಒಳಿತು.